ಹಿನ್ನೀರಿಗೆ ಬೈದ ದಿನ

ನಮ್ಮ ಪ್ರಯೋಗಾಲಯದ ಉಪಕರಣವೊಂದನ್ನು ಬಿಡಿಸಿಕೊಳ್ಳಲು ತಿರುವನಂತಪುರದಿಂದ ಮೂರನೇ ಸಲ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿಗೆ ಬಂದಿದ್ದೆ. ಸಾಗಣೆ ಕಂಪನಿಯ ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ಫಾರಂ ವಾಪಸು ಕೊಟ್ಟರು. “ಸಹಿ ನೀಲಿ ಶಾಯಿಯಲ್ಲಿದೆ ಸಾರ್. ಕಪ್ಪೇ ಆಗಬೇಕು.”

ತಡೆಯಲಾರದೆ ಮೇಜು ಗುದ್ದಿದೆ. ಅವರ ಚಹಾ ಚೆಲ್ಲಿ ಫಾರಂ ಪೂರ್ತಿ ತೊಯ್ದುಹೋಯಿತು.

ಅವರು ರೇಗಲಿಲ್ಲ. “ಜೆಟ್ಟಿಗೆ ಹೋಗಿ, ನೀರಿಗೆ ಬೇಕಾದಷ್ಟು ಬೈದು ಬನ್ನಿ. ಆಮೇಲೆ ಹೊಸ ಫಾರಂ ಕೊಡ್ತೇನೆ.”

ಹೋದೆ. ನೀಲಿ ಶಾಯಿ, ಕಪ್ಪು ಶಾಯಿ, ಅವನ್ನು ಕಂಡುಹಿಡಿದವನು, ಎಲ್ಲರಿಗೂ ಅಚ್ಚ ಮೈಸೂರು ಕನ್ನಡದಲ್ಲಿ ಬೈದೆ. ಎದೆ ಹಗುರಾಯಿತು. ತಿರುಗಿದರೆ ಲಾರಿ ಡ್ರೈವರೊಬ್ಬ ನಿಂತಿದ್ದ, ಕಾಸರಗೋಡಿನವನು.

“ಎಲ್ಲ ಕೇಳಿಸಿತಾ?” ನಾಚಿಕೆಯಿಂದ ಕೇಳಿದೆ.

“ಕೇಳಿಸಿತು ಮಾರಾಯ್ರೆ. ನಿಮ್ಮದು ಮುಗಿದಿದ್ದರೆ ಸ್ವಲ್ಪ ಆಚೆ ಸರಿಯಿರಿ. ಆ ಅಮ್ಮ ನನ್ನನ್ನೂ ಇಲ್ಲಿಗೇ ಕಳಿಸಿದ್ದು.”