ಬಣ್ಣದ ಕೆಸುವಿನ ಕಾಕೂ

ಮಧ್ಯಾಹ್ನ ಹನ್ನೆರಡೂಕಾಲಿಗೆ ಕಾಕೂ ತಮ್ಮ ನಾಲಿಗೆಯನ್ನು ಎರಡು ಬೆರಳಿನಿಂದ ಹಿಡಿದುಕೊಂಡರು. ಮುಳ್ಳು ಚುಚ್ಚಿದವರು ಹಿಡಿದುಕೊಳ್ಳುವ ಹಾಗೆ. ಎದುರಿನ ಮಣೆಯ ಮೇಲೆ ಕುಳಿತ ನಾನು, ಕಲಸಿದ ತುತ್ತನ್ನು ಕೈಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಆ ಹೊತ್ತನ್ನು ನಾನು ಇಂದಿಗೂ ದಾಟಿ ಬಂದಿಲ್ಲ.

ಕೂಕಟ್‌ಪಲ್ಲಿಯಲ್ಲಿ ನಮ್ಮದು ಮೊದಲ ಮಹಡಿ, ಅವರದು ಅದರ ಕೆಳಗಿನ ಮನೆ. ನೆಂಟರಲ್ಲ, ಚಿಕ್ಕಮ್ಮನನ್ನು ಕರೆಯುವಂತೆ ನಾನು ಕಾಕೂ ಎನ್ನುತ್ತಿದ್ದೆ. ಬಾಲಾನಗರದ ಕಾರ್ಖಾನೆಯಲ್ಲಿದ್ದ ಅವರ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮದುವೆಯಾಗಿ ಆ ತೆಲುಗು ಊರಿಗೆ ಹೊಸದಾಗಿ ಬಂದ ನನಗೆ ಆ ಕಟ್ಟಡದಲ್ಲಿ ಕನ್ನಡ ಕೇಳಿಸಿದ್ದು ಅವರ ಬಾಗಿಲಲ್ಲಿ ಮಾತ್ರ. ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಬಿಸಿಲು ಬೀಳದ ಒಂದು ಓಣಿಯಿತ್ತು. ಅಲ್ಲಿ ಅವರು ಕೆಲಾಡಿಯಂ ಬೆಳೆಸಿದ್ದರು. ನರ್ಸರಿಯವನ ಆ ಹೆಸರು ಅವರ ಬಾಯಿಗೆ ಹೊಂದಲಿಲ್ಲ. ‘ಬಣ್ಣದ ಕೆಸು’ ಎನ್ನುತ್ತಿದ್ದರು. ಬಿಳಿಯ ಎಲೆಯ ಮೇಲೆ ಹಸಿರು ನರಗಳು, ಗುಲಾಬಿ ಎಲೆಗೆ ಕಡುಹಸಿರು ಅಂಚು, ಕುಂಕುಮ ಚಿಮುಕಿಸಿದಂಥವು. ಮಳೆಗಾಲದಲ್ಲಿ ಆ ಕತ್ತಲೆ ಓಣಿ ದೀಪ ಹಚ್ಚಿದಂತಿರುತ್ತಿತ್ತು.

“ಬಿಸಲಾಗ ಹೂವು ಯಾರರ ಬೆಳಸತಾರ. ನೆಳ್ಳಾಗ ಬಣ್ಣ ಬರಸೂದು ನೋಡು,” ಎನ್ನುತ್ತಿದ್ದರು. ನಾನು ತಂಬಿಗೆ ಎತ್ತಿದರೆ ಸಾಕು, “ಎಲಿ ಮ್ಯಾಲ ಸುರೀಬ್ಯಾಡ ನಮ್ಮವ್ವಾ, ಬುಡಕ್ಕ ಹಾಕು. ಅವಕ್ಕೇನು ಅಭಿಷೇಕ ಬೇಕಾಗಿಲ್ಲ.” ಚಳಿಗಾಲ ಬಂದು ಎಲೆಗಳು ಮಲಗಿದಾಗ ಗಡ್ಡೆಗಳನ್ನು ಅಗೆದು, ಒಣ ಮರಳು ತುಂಬಿದ ಬುಟ್ಟಿಯಲ್ಲಿ ಹುಗಿದು ತಮ್ಮ ಮಂಚದ ಕೆಳಗಿಡುತ್ತಿದ್ದರು. ಬೇಸಿಗೆ ಕಳೆಯುವವರೆಗೆ ಅವರ ಮಾತು ಕಡಿಮೆಯಾಗುತ್ತಿತ್ತು.

ಅದೇ ಓಣಿಯ ಕೊನೆಯಲ್ಲಿ ತಿನ್ನುವ ಕೆಸುವೂ ಇತ್ತು. ಅದು ಋಷಿಪಂಚಮಿಗೆಂದು. ಎತ್ತು ಉತ್ತ ನೆಲದಲ್ಲಿ ಬೆಳೆದದ್ದನ್ನು ಆ ದಿನ ಹೆಂಗಸರು ತಿನ್ನುವಂತಿಲ್ಲ. ಮನೆಯ ಹಿತ್ತಲಲ್ಲಿ ನೇಗಿಲು ತಾಗದೆ ಬೆಳೆದ ಸೊಪ್ಪೇ ಆಗಬೇಕು. ಕಾಕೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹೋಗಿ ಎಲೆ ಕೊಯ್ಯುತ್ತಿದ್ದರು. ಮಡಿಯಲ್ಲಿದ್ದ ಅವರನ್ನು ನಾನು ಮುಟ್ಟುವಂತಿರಲಿಲ್ಲ. ಕನ್ನಡಕವೂ ಮಡಿಗೆ ಬರುವುದಿಲ್ಲವೆಂದು ಗೂಡಿನಲ್ಲಿಟ್ಟು ಹೋಗುತ್ತಿದ್ದರು. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವ ಪ್ರಶ್ನೆಯೇ ಇರಲಿಲ್ಲ.

ಆ ವರ್ಷದ ಮಳೆಗೆ ಬಣ್ಣದ ಕೆಸುಗಳಲ್ಲಿ ಒಂದು ಬಹುತೇಕ ಹಸಿರಾಗಿ, ಹರಡಿ, ತಿನ್ನುವ ಕೆಸುವಿನ ಸಾಲಿಗೆ ತಲೆ ಹಾಕಿತ್ತು. ನಸುಕಿನಲ್ಲಿ, ಕನ್ನಡಕವಿಲ್ಲದೆ, ಅವರು ಆ ವಿಷದೆಲೆಯನ್ನೂ ಕೊಯ್ದಿದ್ದರು. ಇದು ನಮಗೆ ಗೊತ್ತಾದದ್ದು ಆಮೇಲೆ.

ಅಂದು ನೈವೇದ್ಯ ಮುಗಿಸಿ ಕೆಸುವಿನ ಅಡುಗೆ ಬಡಿಸಿದ ಮೇಲೆ ಪ್ರತಿ ವರ್ಷದಂತೆ ಕೈ ಅಡ್ಡ ಮಾಡಿದರು. “ತಡೀ. ಕೆಸು ಒಮ್ಮೊಮ್ಮೆ ಗಂಟಲ ಕೆರೀತದ. ಮದಲ ನಾ ಒಂದು ತುತ್ತು ತಿಂತೀನಿ, ಆಮ್ಯಾಲ ನೀ.”

“ಪ್ರತಿ ವರ್ಷ ಇದ ನಾಟಕ ನಿಮ್ಮದು, ಕಾಕೂ.”

“ಇರಲಿ. ಹಿರ್ಯಾಕಿ ಆಗಿ ಮತ್ತೇನು ಲಾಭ ಅದ?”

ತಿಂದರು. ನಾಲಿಗೆ ಹಿಡಿದುಕೊಂಡರು. ಏನೋ ಹೇಳಲು ಹೋದರು, ಸ್ವರ ಹೊರಡಲಿಲ್ಲ. ಬಾಯಿಂದ ಜೊಲ್ಲು ಸುರಿಯತೊಡಗಿತು. ನೋಡನೋಡುತ್ತ ತುಟಿಗಳು ಬಾತುಕೊಂಡವು. ಆಗ ಅವರು, ಒಂದು ಅಗುಳು ನೆಲಕ್ಕೆ ಬಿದ್ದರೂ ಹೆಕ್ಕಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಅವರು, ನನ್ನ ಕೈಯ ತುತ್ತನ್ನು ಹೊಡೆದು ಬೀಳಿಸಿ, ನನ್ನ ತಾಟನ್ನು ಗೋಡೆಗೆ ಎಸೆದರು.

ನನ್ನ ಗಂಡ ಪಟಾನ್‌ಚೆರುವಿನಲ್ಲಿ ಶಿಫ್ಟಿನಲ್ಲಿದ್ದರು. ನಾನೇ ಬೀದಿಗೆ ಓಡಿ ಆಟೋ ತಂದೆ. “ಪಕಡ್ ಕೇ ಬೈಠೋ ಅಮ್ಮಾ,” ಗಟ್ಟಿಯಾಗಿ ಹಿಡಿದು ಕೂಡಿ ಎಂದಷ್ಟೇ ಹೇಳಿ ಆ ಡ್ರೈವರ್ ಹಾರ್ನ್‌ನಿಂದ ಕೈ ತೆಗೆಯದೆ ಓಡಿಸಿದ. ಕಾಕೂನ ತಲೆ ನನ್ನ ಹೆಗಲ ಮೇಲಿತ್ತು. ಉಸಿರು ಸಣ್ಣ ತೂತಿನಲ್ಲಿ ನುಸುಳುವ ಗಾಳಿಯಂತೆ ಸಿಳ್ಳಿಡುತ್ತಿತ್ತು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಆ ಸದ್ದೂ ನಿಂತಿತು. ಮತ್ತೆ ಶುರುವಾಯಿತು. ನಡುವಿನ ಆ ನಿಶ್ಶಬ್ದವೇ ನನ್ನೊಳಗೆ ಉಳಿದುಬಿಟ್ಟಿದೆ.

ಇಂಜೆಕ್ಷನ್ ಕೊಟ್ಟ ಡಾಕ್ಟರು, ಇನ್ನಷ್ಟು ತಡವಾಗಿದ್ದರೆ ಗಂಟಲು ಪೂರ್ತಿ ಮುಚ್ಚುತ್ತಿತ್ತು ಎಂದರು. ಕಾಕೂ ಬದುಕಿದರು. ದನಿ ಮಾತ್ರ ಒಡೆದೇ ಉಳಿಯಿತು.

ಮನೆಗೆ ಬಂದ ಮೇಲೆ ನಾನು, “ಆ ಬಣ್ಣದ್ದನ್ನೆಲ್ಲಾ ಕಿತ್ತು ಒಗೀರಿ ಕಾಕೂ,” ಎಂದೆ.

“ಅದೇನು ಮಾಡೇದ? ನನ್ನ ತಿನ್ನು ಅಂತ ಕರದಿತ್ತೇನು?”

ಅವರು ಕಿತ್ತುಹಾಕಿದ್ದು ತಿನ್ನುವ ಕೆಸುವನ್ನು. ಒಡೆದ ದನಿಯಲ್ಲೇ ಹೇಳಿದರು: “ಒಬ್ಬಾಕಿ ಹೊಟ್ಟಿಗೆ ಏನರ ಸಿಗತದ. ಇವನ್ನ ನೋಡಲಿಕ್ಕೆ ಎಲ್ಲಿ ಹೋಗ್ಲಿ?” ಮುಂದಿನ ಪಂಚಮಿಗೆ ಕನ್ನಡಕವನ್ನು ನಲ್ಲಿಯ ಕೆಳಗೆ ತೊಳೆದು ಹಾಕಿಕೊಂಡೇ ಮಡಿಯುಟ್ಟರು. “ಇದಕ್ಕೂ ಸ್ನಾನ ಆತು. ದೇವರು ಏನಂತಾನ ನೋಡೂಣು.”

ನನಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ರಾತ್ರಿ ನಡುನಡುವೆ ಎದ್ದು ಕಿಟಕಿಗೆ ಕಿವಿ ಕೊಡುತ್ತಿದ್ದೆ. ಕೆಳಗಿನಿಂದ ಅವರ ಕೆಮ್ಮೋ, ಮಂಚದ ಕಿರುಗುಟ್ಟುವಿಕೆಯೋ ಕೇಳಿಸಿದರೆ ಮತ್ತೆ ಮಲಗುತ್ತಿದ್ದೆ. ವರ್ಷಗಳು ಹಾಗೇ ಕಳೆದವು. ಗಂಡನಿಗೆ ಹೇಳಿದರೆ, “ಅವರು ಆರಾಮ ಇದ್ದಾರಲ್ಲ,” ಎನ್ನುತ್ತಿದ್ದರು. ಕಾಕೂಗೆ ಹೇಳಲೇ ಇಲ್ಲ.

ಒಂದು ಚಳಿಗಾಲ, ಗಡ್ಡೆಗಳೆಲ್ಲ ಮಂಚದ ಕೆಳಗೆ ಮರಳಿನಲ್ಲಿರುವಾಗ, ಕಾಕೂ ನಿದ್ದೆಯಲ್ಲೇ ಹೋದರು. ಉಸಿರಿಗೆ ಕಷ್ಟಪಟ್ಟ ಗುರುತು ಮುಖದಲ್ಲಿರಲಿಲ್ಲ. ಅವರನ್ನು ಸಾಗಿಸಿದ ಮೇಲೆ ಬುಟ್ಟಿಯನ್ನು ಮೇಲೆ ತಂದು ನನ್ನ ಮಂಚದ ಕೆಳಗಿಟ್ಟೆ.

ಮರುದಿನ ಹಾಲಿನವನು ಬಾಗಿಲು ಬಡಿದಾಗ ಎಚ್ಚರವಾಯಿತು. ಗೋಡೆಯ ಮೇಲೆ ಬಿಸಿಲಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಕಿವಿಗೊಟ್ಟು ಕೇಳಲು ಕೆಳಗೆ ಯಾರೂ ಉಳಿದಿರಲಿಲ್ಲ.