ಬಂಡಿ ಕೆಳಗಿನ ನಾಯಿಗೊಂದು ವ್ಯಾನು

ಜನ ವಾಹನ ಕೊಳ್ಳುವಾಗ ಇಂಜಿನ್ನು ನೋಡುತ್ತಾರೆ, ಟೈರು ಒದ್ದು ನೋಡುತ್ತಾರೆ. ನಾವು ನಮ್ಮ ಕರಿ ನಾಯಿ ಎಲ್ಲಿ ಮಲಗುತ್ತದೆ ಅಂತ ನೋಡಿದೆವು. ಇದನ್ನು ಹೇಳಿದರೆ ಈಗಲೂ ನಗುವವರಿದ್ದಾರೆ. ನಗಲಿ, ಅವರ ಗಂಟೇನು ಹೋಯಿತು!

ಎಪ್ಪತ್ತರ ದಶಕದ ಮಾತು. ನನ್ನ ಯಜಮಾನರದು ಜಮೀನು ಅಳೆಯುವ ಕೆಲಸ. ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಸುತ್ತಿನ ಹೊಲಗಳನ್ನು ಹೊಸದಾಗಿ ಅಳೆದು ಕಲ್ಲು ನೆಡಬೇಕಿತ್ತು. ಸಂಕ್ರಾಂತಿ ಮುಗಿಸಿ ಬಳ್ಳಾರಿಯ ಗಾಂಧಿನಗರದ ಮನೆ ಬಿಟ್ಟರೆ ಮುಂಗಾರಿನವರೆಗೆ ಡೇರೆಯಲ್ಲೇ ನಮ್ಮ ಸಂಸಾರ. ಬೆಳಗ್ಗೆ ಆಳುಗಳಿಗೆ ಅಳತೆಯ ಸರಪಳಿ ಹೊರಿಸಿಕೊಂಡು ಹೋದವರು ಹೊತ್ತು ಮುಳುಗುವಾಗ ಬರುತ್ತಿದ್ದರು. ಅಲ್ಲಿಯವರೆಗೆ ಡೇರೆಯ ಬಾಗಿಲಲ್ಲಿ ನಾನು, ನನ್ನ ಒಲೆ, ಎರಡು ನಾಯಿ, ಒಂದು ಕರಿಯದು, ಒಂದು ಕೆಂಪು. ಹೊಸಬರು ಯಾರಾದರೂ ಕಾಲುವೆ ಏರಿಯ ಮೇಲೆ ಕಂಡರೆ ಕರಿಯದು ಬೊಗಳುತ್ತಿರಲಿಲ್ಲ. ಸುಮ್ಮನೆ ಎದ್ದು ನನ್ನ ಮುಂದೆ ಬಂದು ನಿಲ್ಲುತ್ತಿತ್ತು. ಅಷ್ಟು ಸಾಕಾಗುತ್ತಿತ್ತು. ಅತ್ತೆಯ ಮನೆಯ ನಾಲ್ಕು ಗೋಡೆಗಳ ನಡುವೆ ಸಿಗದ ನೆಮ್ಮದಿ ನನಗೆ ಆ ಬಟ್ಟೆಯ ಗೋಡೆಗಳ ನಡುವೆ ಸಿಕ್ಕಿತ್ತು.

ಸಾಮಾನು ಸಾಗಿಸಲು ಹಚ್ಚೊಳ್ಳಿಯ ಒಬ್ಬ ತಾತನ ಬಂಡಿ ಇತ್ತು. ಕೆಂಪು ನಾಯಿ ಇನ್ನೂ ಎಳೆಯದು, ಹಾಸಿಗೆಯ ಗಂಟಿನ ಮೇಲೆ ಹತ್ತಿ ಕೂತು ಬಿಡುತ್ತಿತ್ತು. ಕರಿಯದು ಹಾಗಲ್ಲ. ಅದರ ಜಾಗ ಬಂಡಿಯ ಕೆಳಗೆ, ಎರಡು ಗಾಲಿಗಳ ನಡುವಿನ ನೆರಳಿನಲ್ಲಿ. ಎತ್ತು ನಡೆದರೆ ನಡೆಯುವುದು, ಎತ್ತು ನಿಂತರೆ ಮಲಗುವುದು. ಬಿಸಿಲು ಜೋರಾದರೆ ತಾತ ಅಚ್ಚಿಗೆ ಒಂದು ಹಸಿ ಗೋಣಿಚೀಲ ಇಳಿಬಿಡುತ್ತಿದ್ದ. ಅದರ ತಂಪಿನಲ್ಲಿ ನಮ್ಮ ನಾಯಿ ಜಮೀನ್ದಾರನ ಹಾಗೆ ಬರುತ್ತಿತ್ತು. ನಾನು ಡೇರೆ ಹೀಗೆ ಹಾಕಿ, ಗೂಟ ಹಾಗೆ ಹೊಡೆಯಿರಿ ಎಂದು ಜೋರು ಮಾಡಿದಾಗಲೆಲ್ಲ ಯಜಮಾನರು, "ಬಂಡಿ ಕೆಳಗಿನ ನಾಯಿ, ಬಂಡಿ ನಾನೇ ಎಳೀತೀನಿ ಅಂದಿತ್ತಂತ" ಎಂದು ನನ್ನನ್ನೇ ಚುಚ್ಚುವರು.

ಒಂದು ವರ್ಷ ತಾತ ವಯಸ್ಸಾಯಿತೆಂದು ಎತ್ತು ಮಾರಿಬಿಟ್ಟ. ಯಜಮಾನರಿಗೆ ಒಳಗೊಳಗೇ ಖುಷಿ. ಅವರಿಗೆ ಮೊದಲಿನಿಂದಲೂ ಜೀಪಿನ ಹುಚ್ಚು. ಎರೆ ಮಣ್ಣಿನ ಹೊಲದ ಕೆಸರಿಗೆ ಜೀಪೇ ಸರಿ ಅನ್ನುವುದು ಅವರ ವಾದ. ವಾದವೇನೋ ಸರಿಯೇ.

ಅತ್ತೆ ಮಾತ್ರ ಸಮಯ ನೋಡಿ ಒಂದು ಕಲ್ಲು ಎಸೆದರು. "ಮೋಟಾರಿನಾಗ ಯಾರಾರ ನಾಯಿ ಹೇರಿಕೊಂಡು ಹೋಗ್ತಾರೇನು? ಯಾರಿಗಾರ ಕೊಟ್ಟು ಹೋಗ್ರಿ."

"ನಾಯಿ ಬರಲಿಲ್ಲಂದ್ರ ನಾನೂ ಬರಂಗಿಲ್ಲ" ಅಂದೆ. ಅಂದಮೇಲೆ ಹೊಳೆಯಿತು, ಬರುವುದಿಲ್ಲ ಅಂದರೆ ಆರು ತಿಂಗಳು ಇದೇ ಅಡುಗೆಮನೆ. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಮೊದಲು ಜೀಪು ನೋಡಿದೆವು. ಕಂಟ್ರಾಕ್ಟರೊಬ್ಬರ ಹಳೆಯ ಜೀಪು, ಅವರ ಅಂಗಳದಲ್ಲಿ ನಿಂತಿತ್ತು. ಕೆಂಪು ನಾಯಿ ಹಾರಿ ಡ್ರೈವರಿನ ಪಕ್ಕ ಕೂತಿತು. ಕರಿಯದು ಸುತ್ತ ಮೂಸಿ, ನೇರ ಅಡಿಗೆ ಹೋಗಿ, ನಾಲ್ಕು ಗಾಲಿಗಳ ನಡುವೆ ಕಾಲು ಚಾಚಿ ಮಲಗಿತು.

"ನೋಡು, ಒಪ್ಪಿಗಿ ಆತು ಅದಕ್ಕ!" ಎಂದು ಯಜಮಾನರು ಹಿಗ್ಗಿದರು.

ಡ್ರೈವರು ಇಂಜಿನ್ನು ಚಾಲೂ ಮಾಡಿದ. ನಾಯಿ ಎದ್ದು ನಿಂತಿತು, ಹೊರಗೆ ಬರಲಿಲ್ಲ. ಜೀಪು ಮುಂದಕ್ಕೆ ಹೊರಟದ್ದೇ ಅದೂ ಅಡಿಯಲ್ಲೇ ಹೆಜ್ಜೆ ಹಾಕತೊಡಗಿತು. ಅದರ ಪಾಲಿಗೆ ಇದೂ ಒಂದು ಬಂಡಿ, ಮುಂದೆ ಎಲ್ಲೋ ಎತ್ತು ಇವೆ. ನಾನು ಕಿರುಚಿಕೊಂಡು ಜೀಪಿನ ಮುಂದೆ ಹೋಗಿ ನಿಂತೆ. ಡ್ರೈವರು ಬ್ರೇಕು ಒತ್ತಿ ನನ್ನನ್ನು ಬಾಯಿಗೆ ಬಂದಂತೆ ಬೈದ. ನಾನೂ ಬಾಕಿ ಉಳಿಸಲಿಲ್ಲ.

ಆಮೇಲೆ ಕರಿಯದಕ್ಕೆ ಹಗ್ಗ ಕಟ್ಟಿ ಜೀಪಿನ ಹಿಂದೆ ಕೂರಿಸಿ ಹಲಕುಂದಿಯ ತನಕ ಹೋಗಿಬಂದೆವು. ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ. ಮನೆಗೆ ಬಂದು ರೊಟ್ಟಿಯನ್ನೂ ಮುಟ್ಟಲಿಲ್ಲ. "ರೂಢಿ ಆಗ್ತೈತಿ ಬಿಡು" ಅಂದರು ಯಜಮಾನರು. ನಾನು ಕಟ್ಟಿಟ್ಟಿದ್ದ ಪಾತ್ರೆಗಳ ಗಂಟನ್ನು ಬಿಚ್ಚಿ ಒಂದೊಂದನ್ನೇ ಮತ್ತೆ ಅತ್ತೆಯ ಮಾಡದಲ್ಲಿ ಜೋಡಿಸಿದೆ, ಸ್ವಲ್ಪ ಸಪ್ಪಳ ಮಾಡಿಯೇ.

ಒಂದು ಕಾರನ್ನೂ ನೋಡಿದೆವು. ಅದರ ಅಡಿಗೆ ನಾಯಿಯ ತಲೆ ಹೋಯಿತು, ಮಿಕ್ಕ ಮೈ ಹೋಗಲಿಲ್ಲ. ಅಲ್ಲಿಗೆ ಕಾರಿನ ಕತೆ ಮುಗಿಯಿತು.

ಕೊನೆಗೆ ಸೋಡಾ ಬಾಟಲಿ ಸಾಗಿಸುತ್ತಿದ್ದ ಒಂದು ಮುದಿ ವ್ಯಾನು ಸಿಕ್ಕಿತು. ಒಂದು ದಿನ ಓಡಿಸಿ ನೋಡಿ ಎಂದು ಮಾಲೀಕರು ಕೊಟ್ಟರು. ಯಜಮಾನರಿಗೆ ಅದರ ಮುಖ ಕಂಡರೇ ಆಗದು. ನಾನೇ ಹಟ ಹಿಡಿದು ಕುರುಗೋಡಿನ ನನ್ನ ತವರಿಗೆ ಹೊರಡಿಸಿದೆ. ಡೇರೆಗೆಂದು ಅವ್ವನ ಹತ್ತಿರ ಒಂದು ಮಂಚ ಕೇಳಿದ್ದೆ, ನೆಲದ ಮೇಲೆ ಮಲಗಿ ನನ್ನ ಸೊಂಟ ಹಿಡಿದಿತ್ತು. ಕೆಂಪು ನಾಯಿ ತಾನೇ ಹಾರಿ ಕೂತಿತು, ಕರಿಯದನ್ನು ಎತ್ತಿ ವ್ಯಾನಿಗೆ ಹಾಕಿದೆವು. ದಾರಿಯುದ್ದಕ್ಕೂ ಅದು ಬಾಗಿಲಿಗೆ ಮೂಗು ಹಚ್ಚಿ ನಡುಗಿತು. ಇನ್ನು ಮುಗಿಯಿತು, ಈ ವರ್ಷ ನನಗೆ ಡೇರೆಯಿಲ್ಲ ಅಂದುಕೊಂಡೆ.

ನಾಯಿಗಳನ್ನು ಇಳಿಸಿ, ಅವ್ವನ ಮನೆಯಲ್ಲಿ ಉಂಡೆವು. ಮಂಚ ಎತ್ತಿ ವ್ಯಾನಿಗೆ ತುರುಕಿ, ಮೇಲೆ ಅವ್ವ ಕೊಟ್ಟ ಹಾಸಿಗೆಯ ಗಂಟು ಇಟ್ಟದ್ದಾಯಿತು. ಹೊರಡಬೇಕು ಅನ್ನುವಾಗ ನಾಯಿ ಇಲ್ಲ! ವ್ಯಾನಿನ ಅಡಿಗೆ ಬಗ್ಗಿ ನೋಡಿದೆ, ಇಲ್ಲ. ದನದ ಕೊಟ್ಟಿಗೆಯಲ್ಲಿಲ್ಲ, ಓಣಿಯಲ್ಲಿಲ್ಲ. ಯಾರ ಮೇಲೆ ರೇಗಬೇಕೋ ತಿಳಿಯದೆ ಎಲ್ಲರ ಮೇಲೂ ರೇಗಿದೆ. ಆಮೇಲೆ ಕಟ್ಟೆಯ ಮೇಲೆ ಕೂತು ಅತ್ತೇ ಬಿಟ್ಟೆ.

ಅವ್ವ ವ್ಯಾನಿನ ಬಾಗಿಲಲ್ಲಿ ನಿಂತು ಕರೆದಳು. "ಯವ್ವಾ, ಇಲ್ಲಿ ಬಾ. ಈ ಕೆಂಪಂದು ಮಂಚದ ಮ್ಯಾಲೆ ಕುಂತು ಕೆಳಗ ಏನ್ ನೋಡಾಕ ಹತ್ತೈತಿ?"

ಬಗ್ಗಿ ನೋಡಿದೆ. ಮಂಚದ ಕೆಳಗೆ, ನಾಲ್ಕು ಕಾಲುಗಳ ನಡುವೆ, ಕರಿಯದು ಮುಂಗಾಲಿನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತ್ತು. ಯಾರೂ ಎತ್ತಿ ಹಾಕಿರಲಿಲ್ಲ. ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆಯ ಗಂಟು, ಗಂಟಿನ ಮೇಲೆ ಕೆಂಪು ನಾಯಿ. ಅದಕ್ಕೆ ತನ್ನ ಬಂಡಿ ಸಿಕ್ಕಿತ್ತು. ನಾನು ಅವ್ವನ ಗೋಣಿಚೀಲವೊಂದನ್ನು ಹಂಡೆಯಲ್ಲಿ ಅದ್ದಿ ಹಿಂಡಿ ಮಂಚದ ಪಕ್ಕಕ್ಕೆ ಇಳಿಬಿಟ್ಟೆ. ಬಳ್ಳಾರಿ ಬರುವವರೆಗೆ ಅದು ಕಣ್ಣು ತೆರೆಯಲಿಲ್ಲ.

ಯಜಮಾನರು ಮರುದಿನ ಅಳತೆಯ ಟೇಪು ಹಿಡಿದು ಒಬ್ಬರೇ ಜೀಪಿನ ಹತ್ತಿರ ಹೋಗಿಬಂದರು. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದರು: "ಮಂಚ ಜೀಪಿನಾಗ ಹಿಡಿಯಂಗಿಲ್ಲ." ಅಷ್ಟೇ. ಸಂಜೆಗೆ ಸೋಡಾ ವ್ಯಾನು ನಮ್ಮ ಮನೆಯ ಮುಂದೆ ನಿಂತಿತ್ತು. ಅತ್ತೆ ನೋಡಿ, "ನಾಯಿಗೆ ಮಂಚದ ಯೋಗ" ಅಂದರು. ಅವರ ಮಾತಿಗೆ ಆ ದಿನ ನನಗೆ ಸಿಟ್ಟೇ ಬರಲಿಲ್ಲ.

ವ್ಯಾನು ಎರೆ ಹೊಲಕ್ಕೆ ಇಳಿಯುವಂತಿರಲಿಲ್ಲ, ಹೂತುಕೊಳ್ಳುತ್ತಿತ್ತು. ಹಾಗಾಗಿ ಕಾಲುವೆಯ ಏರಿಯ ಮೇಲೇ ನಿಲ್ಲಿಸಿ, ಪಕ್ಕದಲ್ಲೇ ಡೇರೆ ಹಾಕಬೇಕಾಯಿತು. ಅಲ್ಲಿಂದ ಹೊಲಗಳಿಗೆ ಯಜಮಾನರು ನಡೆದೇ ಹೋಗಬೇಕು, ಜೀಪಿದ್ದರೆ ಬೇಕಿರಲಿಲ್ಲ. ಆ ವರ್ಷ ಅವರು ನಡೆದಷ್ಟು ಎಂದೂ ನಡೆದಿರಲಿಕ್ಕಿಲ್ಲ. ನನಗೆ ಮಾತ್ರ ಸ್ವರ್ಗ: ಬಾಗಿಲಲ್ಲೇ ನೀರು, ಏರಿಯ ಮೇಲಿನ ಗಾಳಿ.

ಮೊದಲ ದಿನ ನಾವು ಹಚ್ಚೊಳ್ಳಿಯ ಹತ್ತಿರ ಬಂದು ನಿಂತಾಗ ತಾತನೂ ನೋಡಲು ಬಂದಿದ್ದ. ಬಾಗಿಲು ತೆಗೆದೆ. ಕರಿಯದು ಮಂಚದ ಕೆಳಗಿನಿಂದ ಹೊರಬಂದು ಮೈ ಮುರಿಯಿತು, ನಾಲ್ಕೂ ಗಾಲಿಗಳಿಗೆ ಕಾಲೆತ್ತಿತು, ಆಮೇಲೆ ತೇಕುತ್ತ ತಾತನ ಕಾಲ ಬಳಿ ಕೂತಿತು.

"ಪಾಪ, ಬಳ್ಳಾರಿಯಿಂದ ಎಳಕೊಂಡು ಬಂದೈತಿ, ಸಾಕಾಗೈತಿ ಅದಕ್ಕ" ಎಂದು ಯಜಮಾನರು ನನ್ನ ಕಡೆ ನೋಡಿ ನಕ್ಕರು.

"ಮತ್ತ ಎಳದದ್ದು ಅದೇ ಅಲ್ಲೇನ್ರೀ?" ಅಂದೆ.

ಬೆಳಗಿನಿಂದ ಸ್ಟೇರಿಂಗು ಹಿಡಿದು ಅವರ ಅಂಗಿ ಬೆನ್ನಿಗೆ ಅಂಟಿತ್ತು. ಕಾಲುವೆಗಿಳಿದು ಒಂದು ತಂಬಿಗೆ ನೀರು ತುಂಬಿಕೊಂಡು ಬಂದರು, ತಾವು ಕುಡಿಯುವ ಮೊದಲು ನಾಯಿಯ ಬಟ್ಟಲಿಗೆ ಸುರಿದರು.