ಝಳಕಿ ಕ್ರಾಸಿನ ಹಳದಿ ಢೋಕ್ಲಾ

ಕೊರೊನಾ ಮುಗಿದ ಎರಡನೇ ವರ್ಷ. ಆಹಾರ ಸುರಕ್ಷತಾ ಅಧಿಕಾರಿಯಾಗಿ ಇಂಡಿ, ಸಿಂದಗಿ ತಾಲ್ಲೂಕುಗಳು ನನ್ನ ಪಾಲಿಗಿದ್ದವು. ನಿವೃತ್ತಿಗೆ ಇನ್ನು ಮೂರೇ ವರ್ಷ. ಕಲಬೆರಕೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬು ಬೇರೆ.

ಝಳಕಿಯ ಹೆದ್ದಾರಿ ಕ್ರಾಸಿನಲ್ಲಿ ಮಾದೇವಿ ಎಂಬ ಹೆಂಗಸು ಢೋಕ್ಲಾ ಮಾರುತ್ತಿದ್ದಳು. ಸೊಲ್ಲಾಪುರದ ಗುಜರಾತಿ ಮನೆಯೊಂದರಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿ ಕಲಿತದ್ದು. ಕಡಲೆ ಹಿಟ್ಟಿಗೆ ಅರಿಷಿಣ, ಸೋಡಾ ಹಾಕಿ ಕಲಸಿ, ಹಬೆಯಲ್ಲಿ ಬೇಯಿಸಿ, ಮೇಲೆ ಸಾಸಿವೆ ಒಗ್ಗರಣೆ. ಬಸ್ಸಿನವರು ಇಳಿದು ತಿನ್ನುತ್ತಿದ್ದರು. ಮಗಳ ನರ್ಸಿಂಗ್ ಓದು ಅದರಿಂದಲೇ ನಡೆದಿತ್ತು. ಹಳದಿ ತುಂಡಿನಲ್ಲಿ ಕೆಂಪು ಗೆರೆ ಕಂಡ ಯಾರೋ, ಬಣ್ಣ ಬೆರೆಸುತ್ತಾಳೆಂದು ದೂರು ಕೊಟ್ಟರು.

ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಮೆಟಾನಿಲ್ ಯೆಲ್ಲೋ ಎಂಬ ವಿಷದ ಬಣ್ಣ ಬೆರೆತಿದ್ದರೆ, ಆಸಿಡ್ ಹನಿಸಿದಾಗ ಹಿಟ್ಟು ಗುಲಾಬಿಯಾಗುತ್ತದೆ. ಅರಿಷಿಣಕ್ಕೂ ಹಾಗೇ ಆಗುತ್ತದೆ. ಆದರೆ ಮೇಲೆ ನೀರು ಹಾಕಿದರೆ ಅರಿಷಿಣದ ಗುಲಾಬಿ ಹೋಗುತ್ತದೆ, ವಿಷದ್ದು ಉಳಿಯುತ್ತದೆ. ಹನಿಸಿದೆ, ಗುಲಾಬಿಯಾಯಿತು. ಸುತ್ತ ನಿಂತವರ ಮೊಬೈಲುಗಳೆಲ್ಲ ನನ್ನ ಕಡೆಗಿದ್ದವು. ನೀರು ಹಾಕಲಿಲ್ಲ. ಹಾಕಬೇಕೆಂದು ಗೊತ್ತಿಲ್ಲದ ಹೊಸಬನೇ ನಾನು? ಪಾತೇಲಿಯ ಹಿಟ್ಟನ್ನೆಲ್ಲ ಗಟಾರಕ್ಕೆ ಸುರಿಸಿದೆ.

"ಅರಿಷಿಣ ಐತ್ರಿ ಸಾಹೇಬ್ರ, ಬಣ್ಣ ಅಲ್ರಿ. ಮನ್ಯಾಗ ನಾನ ಕುಟ್ಟೇನಿ," ಎಂದಳು.

ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಗದರಿ, ಸ್ಯಾಂಪಲ್ ಸೀಲ್ ಮಾಡಿಕೊಂಡು ಬಂದೆ. ವಿಡಿಯೊ ಸಂಜೆಯೊಳಗೆ ತಾಲ್ಲೂಕು ತುಂಬ ಓಡಾಡಿತು.

ಹದಿನಾಲ್ಕನೇ ದಿನ ಲ್ಯಾಬ್ ವರದಿ ಬಂತು: ಕೃತಕ ಬಣ್ಣ ಇಲ್ಲ. ಸೋಡಾ ಸರಿಯಾಗಿ ಬೆರೆಯದ ಕಡೆ ಅರಿಷಿಣ ಕೆಂಪಾಗುತ್ತದೆ, ಆ ಗೆರೆ ಅಷ್ಟೇ. ಓದಿದೆ, ಮತ್ತೊಮ್ಮೆ ಓದಿದೆ. ಏನೂ ಅನಿಸಲಿಲ್ಲ. ಚಹಾ ಕುಡಿದು ಝಳಕಿಗೆ ಹೊರಟೆ.

ಅವಳ ತಟ್ಟೆಯಲ್ಲಿ ಪೇಲವ ಢೋಕ್ಲಾ ಇತ್ತು. ಅರಿಷಿಣ ಹಾಕುವುದನ್ನೇ ಬಿಟ್ಟಿದ್ದಳು. ಬೆಳಗಿನಿಂದ ಒಂದು ತುಂಡೂ ಹೋಗಿರಲಿಲ್ಲ. ಮಗಳನ್ನು ಹಾಸ್ಟೆಲಿನಿಂದ ಮನೆಗೆ ಕರೆಸಿಕೊಂಡಿದ್ದಳು. ತಪ್ಪಾಯಿತು ಎಂದೆ, ಒಂದು ತುಂಡು ಕೇಳಿ ಅಲ್ಲೇ ನಿಂತು ತಿಂದೆ. ಬಾಯಿಗೆ ರುಚಿಯೇ ಹತ್ತಲಿಲ್ಲ.

"ನೀವು ತಿಂದ್ರ ಏನಾತ್ರಿ, ಮಂದಿ ತಿನ್ನಬೇಕಲ್ರಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಎದುರಿನ ಚಹಾದಂಗಡಿಯಲ್ಲಿ ಅವತ್ತಿನ ಜನವೇ ಕೂತಿದ್ದರು. ಅವರ ನಡುವೆ ನಿಂತು ಆ ವರದಿಯನ್ನು ಗಟ್ಟಿಯಾಗಿ ಓದಬೇಕಿತ್ತು. ಆದರೆ ಕಾಗದ ಅವಳ ಕೈಗಿಟ್ಟು ಜೀಪು ಹತ್ತಿದೆ.

ತಪ್ಪು ಹೊರಿಸಿದ ಜಾಗದಲ್ಲೇ, ಅಷ್ಟೇ ಜನರೆದುರು ಅದನ್ನು ಇಳಿಸಬೇಕು. ನೌಕರಿ ನನಗೆ ಇದನ್ನು ಕಲಿಸಿತು. ನಾನು ಮಾಡಲಿಲ್ಲ.